ಹರವಿಯ ನೀರು ತಣ್ಣಗಾಗದ ಊರು: ಜಂಜಿಬಾರದಲ್ಲಿ ಹಡಗು ನಿಂತಾಗ ಹಗಲು ಕಳೆಯುವುದು ಹೇಗೆ?

ಏಪ್ರಿಲ್ ಬಂತೆಂದರೆ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ನಮ್ಮ ಶೇಗಾಂವದ ಮನೆಗಳಲ್ಲಿ ಮಣ್ಣಿನ ಹರವಿ ಮೂಲೆ ಹಿಡಿಯುತ್ತದೆ. ಹೊರಗೆ 40 ಡಿಗ್ರಿ ಬಿಸಿಲು ಕಾಯುತ್ತಿರುತ್ತದೆ. ಒಳಗೆ ಹರವಿಯ ನೀರು ಮಾತ್ರ ಗಂಟಲಿಗೆ ಹಿತವಾಗುವಷ್ಟು ತಂಪು. ಅದೇ ಹರವಿಯನ್ನು ಆಫ್ರಿಕಾದ ಜಂಜಿಬಾರ ದ್ವೀಪಕ್ಕೆ ಒಯ್ದು ಇಟ್ಟರೆ ನೀರು ಅಷ್ಟು ತಣ್ಣಗಾಗುವುದಿಲ್ಲ. ಅಲ್ಲಿಯ ಬಿಸಿಲು 32 ಡಿಗ್ರಿಯಷ್ಟೇ ಇದ್ದರೂ ಆಗುವುದಿಲ್ಲ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಹೊರದೇಶದಲ್ಲಿ ದುಡಿಯುವ ಮಕ್ಕಳು ತಂದೆತಾಯಿಗೆ ಕ್ರೂಸ್ ಟಿಕೆಟ್ ಕಳಿಸುವ ಕಾಲ ಇದು. ಆಗ ಜತ್ತ ಕಡೆಯ ಹಿರಿಯರು ಹೇಳುವ ಮಾತು ಒಂದೇ: "ನಮ್ಮ ಬಿಸಿಲು ಕಂಡವರಿಗೆ ಬೇರೆ ಬಿಸಿಲು ಏನು ಮಾಡೀತು?" ಆ ಧೈರ್ಯ ಒಳ್ಳೆಯದು. ಆದರೆ ನಮ್ಮ ದೇಹಕ್ಕೆ ಗೊತ್ತಿರುವುದು ಒಣ ಬಿಸಿಲು, ಅಲ್ಲಿರುವುದು ಹಸಿ ಬಿಸಿಲು. ಈ ವ್ಯತ್ಯಾಸ ತಿಳಿದು ಹೊರಟರೆ ಹಗಲು ಸುಖವಾಗಿ ಕಳೆಯುತ್ತದೆ.

ಕ್ರೂಸ್ ನಿಲುಗಡೆ ಎಂದರೇನು?

ಕ್ರೂಸ್ ಎಂದರೆ ಪ್ರವಾಸಿಗರ ದೊಡ್ಡ ಹಡಗಿನ ಯಾನ. ಕೋಣೆ, ಊಟ, ಮನರಂಜನೆ ಎಲ್ಲ ಹಡಗಿನಲ್ಲೇ ಇರುತ್ತದೆ. ಹಡಗು ಬಹುಪಾಲು ರಾತ್ರಿ ಚಲಿಸುತ್ತದೆ. ಬೆಳಗ್ಗೆ ಒಂದು ಬಂದರಿಗೆ ಬರುತ್ತದೆ, ಸಂಜೆ ಹೊರಡುತ್ತದೆ. ಹೀಗೆ ನಿಲ್ಲುವ ಬಂದರಿಗೆ "ಪೋರ್ಟ್ ಆಫ್ ಕಾಲ್" ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಅದು ನಿಲುಗಡೆ. ಎಸ್ಟಿ ಬಸ್ಸು ನಿಲ್ದಾಣದಲ್ಲಿ ಹತ್ತು ನಿಮಿಷ ನಿಲ್ಲುತ್ತದೆ, ಹಡಗು ಎಂಟು ಹತ್ತು ತಾಸು ನಿಲ್ಲುತ್ತದೆ.

ಇಳಿಯಲೇಬೇಕೆಂಬ ಕಡ್ಡಾಯವಿಲ್ಲ. ಮೈ ಸರಿಯಿಲ್ಲದಿದ್ದರೆ ಹಡಗಿನಲ್ಲೇ ಉಳಿಯಬಹುದು. ಊಟ ಎಂದಿನಂತೆ ಸಿಗುತ್ತದೆ, ಅದಕ್ಕೆ ಬೇರೆ ಹಣ ಕೊಡಬೇಕಿಲ್ಲ.

ಜಂಜಿಬಾರ ಎಲ್ಲಿದೆ?

ಜಂಜಿಬಾರ ಟಾಂಜಾನಿಯಾ ದೇಶಕ್ಕೆ ಸೇರಿದ ಸ್ವಾಯತ್ತ ದ್ವೀಪಸಮೂಹ. ಪ್ರವಾಸಿಗರು ಇಳಿಯುವ ಮುಖ್ಯ ದ್ವೀಪದ ಹೆಸರು ಉಂಗುಜಾ. ಅದು ಸಮಭಾಜಕ ರೇಖೆಯಿಂದ ದಕ್ಷಿಣಕ್ಕೆ ಸುಮಾರು 6 ಡಿಗ್ರಿ ದೂರದಲ್ಲಿದೆ. ಹಡಗುಗಳು ನಿಲ್ಲುವುದು ಅದರ ಪಶ್ಚಿಮ ದಂಡೆಯ ಹಳೆಯ ಪಟ್ಟಣ "ಸ್ಟೋನ್ ಟೌನ್" ಎದುರು. ಯುನೆಸ್ಕೊ ಈ ಪಟ್ಟಣವನ್ನು 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ದೂರವಿದ್ದರೂ ಈ ದ್ವೀಪ ನಮಗೆ ಪೂರ್ತಿ ಪರಕೀಯವಲ್ಲ. ನಮಗೆ ಮಳೆ ತರುವ ಮಾನ್ಸೂನ್ ಗಾಳಿಯನ್ನೇ ನಂಬಿ ಕಚ್ಛದ ವ್ಯಾಪಾರಿಗಳು ಹಾಯಿದೋಣಿಯಲ್ಲಿ ಅಲ್ಲಿಗೆ ಹೋಗುತ್ತಿದ್ದರು. ಚಳಿಗಾಲದ ಈಶಾನ್ಯ ಗಾಳಿ ಅವರನ್ನು ಒಯ್ಯುತ್ತಿತ್ತು, ನೈಋತ್ಯ ಗಾಳಿ ಮರಳಿ ತರುತ್ತಿತ್ತು. ಆಮೇಲೆ ಮುಂಬಯಿಯಿಂದ ಪೂರ್ವ ಆಫ್ರಿಕಾಕ್ಕೆ "ಕಂಪಾಲಾ", "ಕರಂಜಾ" ಎಂಬ ಪ್ರಯಾಣಿಕ ಹಡಗುಗಳು 1940ರ ದಶಕದ ಕೊನೆಯಿಂದ 1970ರ ದಶಕದವರೆಗೆ ಓಡಿದವು. ಜಗತ್ಪ್ರಸಿದ್ಧ ಗಾಯಕ ಫ್ರೆಡ್ಡಿ ಮರ್ಕ್ಯುರಿ 1946ರಲ್ಲಿ ಸ್ಟೋನ್ ಟೌನ್‌ನ ಪಾರ್ಸಿ ಕುಟುಂಬದಲ್ಲಿ ಹುಟ್ಟಿ, ಓದಲು ಬಂದದ್ದು ನಮ್ಮ ಪಕ್ಕದ ಸಾತಾರಾ ಜಿಲ್ಲೆಯ ಪಂಚಗಣಿಗೆ.

ಅಲ್ಲಿಯ ಮಾತು ಸ್ವಾಹಿಲಿ. ಕಿವಿಗೊಟ್ಟು ಕೇಳಿದರೆ ಗುರುತಿನ ಶಬ್ದಗಳು ಸಿಗುತ್ತವೆ. ಅಂಗಡಿಗೆ "ದುಕಾ", ವಾಹನಕ್ಕೆ "ಗಾರಿ", ಗಾಳಿಗೆ "ಹೇವಾ", ಲೆಕ್ಕಕ್ಕೆ "ಹೆಸಾಬು", ಸಾಬೂನಿಗೆ "ಸಬೂನಿ", ಸಕ್ಕರೆಗೆ "ಸುಕಾರಿ". ಕೈಗಾಡಿ ನೂಕುವವನ ಜೊತೆ ನೀವು ಅರ್ಧ ವ್ಯವಹಾರವನ್ನು ಇಷ್ಟರಲ್ಲೇ ಮುಗಿಸಬಹುದು.

ಬಿಸಿಲಿನ ಲೆಕ್ಕ

ಈಗ ಹರವಿಗೆ ಮರಳೋಣ. ಹರವಿಯ ಮೈಯಲ್ಲಿ ಸಣ್ಣ ರಂಧ್ರಗಳಿವೆ. ನೀರು ಅವುಗಳಿಂದ ಹೊರಗೆ ಒಸರುತ್ತದೆ, ಗಾಳಿಗೆ ಆವಿಯಾಗುತ್ತದೆ. ಆವಿಯಾಗುವಾಗ ಒಳಗಿನ ಶಾಖವನ್ನೂ ಹೊತ್ತೊಯ್ಯುತ್ತದೆ. ಒಳಗೆ ಉಳಿದ ನೀರು ತಣ್ಣಗಾಗುತ್ತದೆ.

ನಮ್ಮ ಮೈಯೂ ಒಂದು ಹರವಿ. ಬೆವರು ಒಸರುತ್ತದೆ, ಆರುತ್ತದೆ, ಮೈ ತಂಪಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೊಕ್ಯಾಲರಿ ಶಾಖ ಮೈಬಿಡುತ್ತದೆ. ಆದರೆ ಬೆವರು ಆರಬೇಕು. ಹರಿದು ನೆಲಕ್ಕೆ ಬಿದ್ದ ಬೆವರಿನಿಂದ ತಂಪು ಸಿಗುವುದಿಲ್ಲ.

ಜತ್ತ ತಾಲೂಕು ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಬೇಸಿಗೆಯ ಮಧ್ಯಾಹ್ನ ಇಲ್ಲಿಯ ಗಾಳಿಯಲ್ಲಿ ನೀರಿನ ಅಂಶ ಬಹಳ ಕಡಿಮೆ. ಆದ್ದರಿಂದಲೇ ನಮ್ಮ ರೈತರ ದ್ರಾಕ್ಷಿ ನೆರಳಿನ ಚಪ್ಪರದಲ್ಲಿ ಎರಡು ವಾರದ ಆಸುಪಾಸಿನಲ್ಲಿ ಬೇದಾಣೆಯಾಗುತ್ತದೆ. ಬೇದಾಣೆ ಅಂದರೆ ಒಣದ್ರಾಕ್ಷಿ. ಹಣ್ಣನ್ನೇ ಒಣಗಿಸುವ ಗಾಳಿಗೆ ಬೆವರು ಯಾವ ಲೆಕ್ಕ? ಜಂಜಿಬಾರದ ಗಾಳಿ ಸಮುದ್ರದ ನೀರು ಕುಡಿದು ಬಂದದ್ದು. ಇನ್ನಷ್ಟು ಹೀರಿಕೊಳ್ಳಲು ಅದರಲ್ಲಿ ಜಾಗವಿಲ್ಲ.

ಇದನ್ನು ಅಳೆಯುವ ಒಂದು ಸರಳ ವಿಧಾನವಿದೆ. ಉಷ್ಣಮಾಪಕದ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿಯುತ್ತಾರೆ. ಆಗ ಬರುವ ಅಂಕಿಗೆ "ವೆಟ್ ಬಲ್ಬ್" ಉಷ್ಣಾಂಶ ಅನ್ನುತ್ತಾರೆ, ಅಂದರೆ ಒದ್ದೆ ಬಟ್ಟೆಯ ಉಷ್ಣಾಂಶ. ಬೆವರು ಮೈಯನ್ನು ಎಷ್ಟು ತಂಪು ಮಾಡಬಲ್ಲದು ಎಂಬುದನ್ನು ಅದು ಹೇಳುತ್ತದೆ. ಗಾಳಿ 40 ಡಿಗ್ರಿ ಇದ್ದು ಆರ್ದ್ರತೆ, ಅಂದರೆ ತೇವಾಂಶ, ನೂರಕ್ಕೆ 20 ಇದ್ದರೆ ಒದ್ದೆ ಬಟ್ಟೆ ಸುಮಾರು 23 ಡಿಗ್ರಿಗೆ ಇಳಿಯುತ್ತದೆ. ಗಾಳಿ 32 ಡಿಗ್ರಿ ಇದ್ದು ತೇವಾಂಶ ನೂರಕ್ಕೆ 80 ಇದ್ದರೆ ಅದು 29ರಲ್ಲೇ ನಿಲ್ಲುತ್ತದೆ. ಬಿಸಿಲು 8 ಡಿಗ್ರಿ ಕಡಿಮೆ ಇದ್ದರೂ ತಂಪು 6 ಡಿಗ್ರಿ ಕಡಿಮೆ ಸಿಕ್ಕಿತು. ಹಸಿ ಬಿಸಿಲು ಆಯಾಸ ಮಾಡುವುದು ಇದಕ್ಕೇ.

"ನಾಲ್ಕು ದಿನದಲ್ಲಿ ರೂಢಿಯಾಗುವುದಿಲ್ಲವೇ?" ಎಂದು ಕೇಳಬಹುದು. ದೇಹ ಹೊಸ ಸೆಕೆಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಹಡಗಿನಲ್ಲಿ ಎಲ್ಲೆಡೆ ಎಸಿ ಇರುವುದರಿಂದ ರೂಢಿಯಾಗಲು ಅವಕಾಶವೇ ಇಲ್ಲ. ಆದ್ದರಿಂದ ಹಗಲಿನ ಯೋಜನೆಯನ್ನೇ ಬದಲಿಸಬೇಕು: ಬೆಳಗ್ಗೆ ತಿರುಗಾಟ, ಮಧ್ಯಾಹ್ನ ನೆರಳು, ಸಂಜೆಗೆ ಮೊದಲೇ ಹಡಗು.

ಆ ದಿನ ಹೇಗೆ ಸಾಗುತ್ತದೆ?

ಹಿಂದಿನ ರಾತ್ರಿ ನಿಮ್ಮ ಕೋಣೆಗೆ ಅಥವಾ ಫೋನಿಗೆ ಮರುದಿನದ ಕಾರ್ಯಕ್ರಮ ಬರುತ್ತದೆ. ಅದರಲ್ಲಿ ಎರಡು ಸಮಯ ಮುಖ್ಯ. ಒಂದು, ಇಳಿಯಲು ಬಿಡುವ ಹೊತ್ತು. ಇನ್ನೊಂದು "ಆಲ್ ಅಬೋರ್ಡ್", ಅಂದರೆ ಎಲ್ಲರೂ ಮರಳಿ ಹತ್ತಿರಬೇಕಾದ ಕೊನೆಯ ಹೊತ್ತು. ಇದು ಸಾಮಾನ್ಯವಾಗಿ ಹಡಗು ಹೊರಡುವುದಕ್ಕಿಂತ ಅರ್ಧದಿಂದ ಒಂದು ತಾಸು ಮೊದಲು ಇರುತ್ತದೆ.

ಬೆಳಗ್ಗೆ ಸ್ಥಳೀಯ ದಾರಿ ಬಲ್ಲ "ಪೈಲಟ್" ಹತ್ತಿ ಹಡಗನ್ನು ಒಳಗೆ ತರುತ್ತಾನೆ. ವಲಸೆ ಅಧಿಕಾರಿಗಳು ಕಾಗದ ನೋಡಿ ಒಪ್ಪಿಗೆ ಕೊಡುವವರೆಗೆ ಯಾರೂ ಇಳಿಯುವಂತಿಲ್ಲ. ಒಂದು ತಾಸು ಹಿಡಿದರೂ ಗಾಬರಿಯಾಗಬೇಡಿ.

ದೊಡ್ಡ ಹಡಗುಗಳು ಸ್ಟೋನ್ ಟೌನ್‌ನಲ್ಲಿ ಅನೇಕ ಸಲ ಧಕ್ಕೆಗೆ ಬರದೆ ದೂರದಲ್ಲೇ ಲಂಗರು ಹಾಕುತ್ತವೆ. ಆಗ ಪ್ರಯಾಣಿಕರನ್ನು "ಟೆಂಡರ್" ಎಂಬ ಸಣ್ಣ ದೋಣಿಯಲ್ಲಿ ದಡಕ್ಕೆ ಸಾಗಿಸುತ್ತಾರೆ. ಟೆಂಡರಿಗೆ ಚೀಟಿಯ ಸರದಿ ಇರುತ್ತದೆ. ಹತ್ತುವಾಗ ದೋಣಿ ಅಲುಗಾಡುತ್ತದೆ. ಮೊಣಕಾಲು ನೋವಿದ್ದವರು ಮೊದಲೇ ಸಿಬ್ಬಂದಿಗೆ ಹೇಳಿ, ಕೈಹಿಡಿದು ಹತ್ತಿಸುತ್ತಾರೆ. ಸಮುದ್ರ ಜೋರಿದ್ದರೆ ಟೆಂಡರ್ ನಿಲ್ಲಿಸುವ, ನಿಲುಗಡೆಯನ್ನೇ ಬಿಡುವ ಅಧಿಕಾರ ಕ್ಯಾಪ್ಟನ್‌ಗೆ ಇದೆ.

ಇಳಿಯುವಾಗಲೂ ಹತ್ತುವಾಗಲೂ ನಿಮ್ಮ ಹಡಗಿನ ಕಾರ್ಡನ್ನು ಯಂತ್ರಕ್ಕೆ ತೋರಿಸುತ್ತಾರೆ. ಯಾರು ಹೊರಗಿದ್ದಾರೆಂದು ಹಡಗಿಗೆ ತಿಳಿಯುವುದು ಇದರಿಂದಲೇ.

ಗಡಿಯಾರದ ಬಗ್ಗೆ ಎರಡು ಎಚ್ಚರಿಕೆ

ಮೊದಲನೆಯದು, ಜಂಜಿಬಾರ ಭಾರತಕ್ಕಿಂತ ಎರಡೂವರೆ ತಾಸು ಹಿಂದೆ. ಕೆಲವು ಹಡಗುಗಳು ತಮ್ಮದೇ ಸಮಯ ಇಟ್ಟುಕೊಳ್ಳುತ್ತವೆ. ನಿಮ್ಮ ಫೋನು ದಡಕ್ಕೆ ಹೋದೊಡನೆ ತಾನಾಗಿ ಬದಲಾಗಬಹುದು. ಆದ್ದರಿಂದ ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಹೊಂದಿಸಿ, ಅದನ್ನೇ ನಂಬಿ.

ಎರಡನೆಯದು ಹೆಚ್ಚಿನವರಿಗೆ ಗೊತ್ತಿಲ್ಲ. ಸ್ವಾಹಿಲಿ ಮಾತನಾಡುವವರು ತಾಸನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ನಮ್ಮ ಬೆಳಗಿನ 7 ಅವರಿಗೆ 1, ಅದು "ಸಾ ಮೋಜಾ". ನಮ್ಮ ಸಂಜೆಯ 4 ಅವರಿಗೆ 10, ಅದು "ಸಾ ಕೂಮಿ". ನಮ್ಮ ಹಿರಿಯರು ಹೊತ್ತು ಮೂಡಿದಲ್ಲಿಂದ ಗಳಿಗೆ ಎಣಿಸುತ್ತಿದ್ದರಲ್ಲ, ಅದೇ ರೀತಿ. ಟ್ಯಾಕ್ಸಿಯವನು "9 ಗಂಟೆಗೆ ಬರುತ್ತೇನೆ" ಅಂದರೆ ಮಧ್ಯಾಹ್ನ 3 ಎಂದೂ ಇರಬಹುದು. ಗಡಿಯಾರದ ಮುಳ್ಳು ತೋರಿಸಿ ಖಚಿತ ಮಾಡಿಕೊಳ್ಳಿ.

ಹಡಗಿನ ಪ್ರವಾಸವೋ, ಸ್ವಂತ ತಿರುಗಾಟವೋ?

ಹಡಗಿನವರೇ ಏರ್ಪಡಿಸುವ ದಿನದ ಪ್ರವಾಸಕ್ಕೆ "ಶೋರ್ ಎಕ್ಸ್‌ಕರ್ಷನ್" ಅನ್ನುತ್ತಾರೆ. ದುಬಾರಿ, ಆದರೆ ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ಹೋದರೆ ಖರ್ಚು ಕಡಿಮೆ, ಆದರೆ ಹಡಗು ಕಾಯುವುದಿಲ್ಲ. ತಪ್ಪಿಸಿಕೊಂಡವರು ಮುಂದಿನ ಬಂದರಿಗೆ ಸ್ವಂತ ಹಣದಲ್ಲಿ ವಿಮಾನದಲ್ಲಿ ಹೋಗಬೇಕು. ಕಾರ್ಯಕ್ರಮ ಪಟ್ಟಿಯಲ್ಲಿ "ಪೋರ್ಟ್ ಏಜೆಂಟ್", ಅಂದರೆ ಬಂದರಿನಲ್ಲಿ ಹಡಗಿನ ಪ್ರತಿನಿಧಿಯ ಫೋನ್ ನಂಬರು ಇರುತ್ತದೆ. ಅದನ್ನು ಕಾಗದದಲ್ಲಿ ಬರೆದು ಕಿಸೆಯಲ್ಲಿಡಿ.

ಏನು ನೋಡಬಹುದು? ನಾಲ್ಕು ಆಯ್ಕೆ ಹೇಳುತ್ತೇನೆ.

ಸ್ಟೋನ್ ಟೌನ್: ಬಂದರಿನಿಂದ ನಡೆದೇ ಹೋಗಬಹುದು. ಓಣಿಗಳು ಕಿರಿದು, ನೆರಳು ಹೆಚ್ಚು. ಬಾಗಿಲುಗಳ ಮೇಲಿನ ಕೆತ್ತನೆಯಲ್ಲಿ ಗುಜರಾತಿ ಕೈವಾಡ ಕಾಣುತ್ತದೆ. ವ್ಯಾಪಾರಿ ಥರಿಯಾ ತೋಪನ್ ಕಟ್ಟಲು ಆರಂಭಿಸಿದ ಹಳೆಯ ಔಷಧಾಲಯದ ಕಟ್ಟಡ ಸಮುದ್ರದ ಎದುರೇ ಇದೆ. 1883ರ "ಹೌಸ್ ಆಫ್ ವಂಡರ್ಸ್" ಅರಮನೆಯ ಒಂದು ಭಾಗ 2020ರ ಡಿಸೆಂಬರಿನಲ್ಲಿ ಕುಸಿಯಿತು. ಗುಲಾಮರ ಮಾರುಕಟ್ಟೆ 1873ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಈಗ ಚರ್ಚು ಮತ್ತು ಸ್ಮಾರಕ ಇವೆ. ಅಲ್ಲಿ ಹತ್ತು ನಿಮಿಷವಾದರೂ ನಿಲ್ಲಿ. ಮನುಷ್ಯರನ್ನು ಸರಪಳಿಗೆ ಬಿಗಿದು ಮಾರಿದ ನೆಲ ಅದು.

ಮಸಾಲೆ ತೋಟ: ಗಾಡಿಯಲ್ಲಿ ಅರ್ಧದಿಂದ ಮುಕ್ಕಾಲು ತಾಸು. ಅರಿಸಿನ ತೋರಿಸಿದರೆ ಸಾಂಗ್ಲಿ ಪೇಟೆಯ ನಮಗೆ ಹೊಸತಲ್ಲ. ಆದರೆ ಲವಂಗದ ಮರ, ಮೊಗ್ಗು ಕೀಳುವ ರೀತಿ, ಚಾಪೆಯ ಮೇಲೆ ಒಣಗಿಸುವುದು, ಜಾಯಿಕಾಯಿಯ ಕೆಂಪು ಜಾಪತ್ರೆ ನೋಡುವಂಥವು. ಮರದ ನೆರಳಿರುವುದರಿಂದ ಹಿರಿಯರಿಗೆ ಇದು ಅನುಕೂಲ.

ಚಂಗು ದ್ವೀಪ: "ಪ್ರಿಸನ್ ಐಲ್ಯಾಂಡ್" ಎಂದೇ ಪರಿಚಿತ. ದೋಣಿಯಲ್ಲಿ ಸುಮಾರು ಅರ್ಧ ತಾಸು. ಸೆಶೆಲ್ಸ್‌ನಿಂದ ತಂದ ದೈತ್ಯ ಆಮೆಗಳ ಸಂತತಿ ಇಲ್ಲಿದೆ. ದೋಣಿಯಿಂದ ನೀರಿಗೆ ಕಾಲಿಟ್ಟು ಇಳಿಯಬೇಕಾಗಬಹುದು. ದೋಣಿಯಲ್ಲಿ ನೆರಳೂ ಕಡಿಮೆ.

ಜೋಜಾನಿ ಕಾಡು: ಸುಮಾರು 35 ಕಿ.ಮೀ. ದೂರ. ಈ ದ್ವೀಪಸಮೂಹ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಇಲ್ಲದ ಕೆಂಪು ಕೊಲೊಬಸ್ ಕೋತಿಗಳು ಇಲ್ಲಿವೆ. ಕಾಡಿನೊಳಗೆ ಗಾಳಿ ಆಡುವುದಿಲ್ಲ, ಸೆಕೆ ಹೆಚ್ಚು.

ಒಂದು ಹಗಲಿಗೆ ಎರಡು ಸಾಕು. ಬೆಳಗ್ಗೆ ಮಸಾಲೆ ತೋಟ, ಮರಳಿ ಬಂದು ಸ್ಟೋನ್ ಟೌನ್‌ನ ಓಣಿ: ನಮ್ಮ ಕಡೆಯ ಹಿರಿಯರಿಗೆ ನಾನು ಹೇಳುವ ಯೋಜನೆ ಇದು.

ನೀರು, ಊಟ, ಬಟ್ಟೆ

ನಲ್ಲಿಯ ನೀರು ಬೇಡ. ಇಳಿಯುವಾಗ ಒಬ್ಬರಿಗೆ ಒಂದೂವರೆ ಲೀಟರ್ ನೀರು ಒಯ್ಯಿರಿ. ಬಾಯಾರಿಕೆ ಆಗುವವರೆಗೆ ಕಾಯದೆ, ಕಾಲು ಕಾಲು ತಾಸಿಗೆ ನಾಲ್ಕು ಗುಟುಕು ಕುಡಿಯಿರಿ. ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಓಆರ್‌ಎಸ್ ಪೊಟ್ಟಣ ಇರಲಿ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಚಮಚೆ ಚಹಾದ್ದಾಗಿರಬೇಕು. ಬೀದಿಯಲ್ಲಿ "ಮದಾಫು" ಸಿಗುತ್ತದೆ, ಅದು ಎಳನೀರು.

ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರು, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇದ್ದವರು ಎಷ್ಟು ನೀರು, ಎಷ್ಟು ಉಪ್ಪು ಎಂದು ಹೊರಡುವ ಮುಂಚೆ ವೈದ್ಯರನ್ನು ಕೇಳಲೇಬೇಕು.

ತಲೆ ಸುತ್ತು, ವಾಕರಿಕೆ, ಕಾಲು ಸೆಳೆತ ಕಂಡರೆ ಕೂಡಲೇ ನೆರಳಿಗೆ ಹೋಗಿ. ಬಟ್ಟೆ ಸಡಿಲಿಸಿ, ಒದ್ದೆ ಮಾಡಿ, ಬೀಸಿಕೊಳ್ಳಿ. ಮಾತು ತೊದಲಿದರೆ, ಗಲಿಬಿಲಿಯಾದರೆ ಅದು ಉಷ್ಣಾಘಾತ, ಜೀವಕ್ಕೆ ಅಪಾಯ. ಮೈಮೇಲೆ ತಣ್ಣೀರು ಸುರಿಯುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ತೆಳ್ಳನೆಯ, ಸಡಿಲ ಹತ್ತಿ ಬಟ್ಟೆ ಸಾಕು. ಹೆಚ್ಚಿನ ಜನ ಮುಸ್ಲಿಮರು. ಪಟ್ಟಣದಲ್ಲಿ ಭುಜ, ಮೊಣಕಾಲು ಮುಚ್ಚಿದ ಉಡುಪು ಗೌರವ. ನಮ್ಮ ಹತ್ತಿ ಸೀರೆ, ಧೋತರ ಅದಕ್ಕೆ ಸರಿಯಾಗಿದೆ. ರಂಜಾನ್ ತಿಂಗಳ ಹಗಲಿನಲ್ಲಿ ಬೀದಿಯಲ್ಲಿ ತಿನ್ನುವುದು ಬೇಡ, ಹಡಗಿನಲ್ಲೇ ಊಟ ಮಾಡಿ. ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ. ಬಟ್ಟೆಯ ಚೀಲ ಒಯ್ಯಿರಿ.

ಶಾಕಾಹಾರಿಗಳಿಗೆ ಚಪಾತಿ, ಬೀನ್ಸ್ ಕಾಳು, ಅನ್ನ, ಹಣ್ಣು ಸಿಗುತ್ತವೆ. "ಉರೋಜೊ" ಎಂಬ ಹುಳಿ ಸಾರಿನಲ್ಲಿ ನಮ್ಮಂಥ ಭಜಿ ಇರುತ್ತದೆ, ಕೆಲವೊಮ್ಮೆ ಮಾಂಸವೂ ಇರುತ್ತದೆ. ಕೇಳಿ ತಿನ್ನಿ.

ಖರ್ಚು ಎಷ್ಟು?

ಕ್ರೂಸ್ ದರ ತಿಂಗಳು, ಕೋಣೆ, ಹಡಗಿನ ಮೇಲೆ ಬದಲಾಗುತ್ತದೆ. ಕಿಟಕಿ ಇಲ್ಲದ ಕೋಣೆಯನ್ನು ಇಬ್ಬರು ಹಂಚಿಕೊಂಡರೆ, ಒಬ್ಬರಿಗೆ ದಿನಕ್ಕೆ ಸುಮಾರು 100ರಿಂದ 200 ಡಾಲರ್ ಎಂದು ಲೆಕ್ಕ ಹಿಡಿಯಿರಿ. ಸಿಬ್ಬಂದಿಯ ಭಕ್ಷೀಸು ಹೆಚ್ಚಿನ ಹಡಗುಗಳಲ್ಲಿ ಬೇರೆ, ದಿನಕ್ಕೆ 15ರಿಂದ 20 ಡಾಲರ್. ಹಡಗಿನ ಪ್ರವಾಸ ಸಾಮಾನ್ಯವಾಗಿ 60 ಡಾಲರ್‌ಗಿಂತ ಮೇಲೆ. ಸ್ವಂತವಾಗಿ ಮಸಾಲೆ ತೋಟ ನೋಡಲು 15ರಿಂದ 30 ಡಾಲರ್ ಸಾಕು, ಚೌಕಾಶಿ ಮಾಡಬೇಕು. ಹಡಗಿನ ವೈದ್ಯರ ಶುಲ್ಕ ಬಹಳ ದುಬಾರಿ. ಆದ್ದರಿಂದ ಪ್ರಯಾಣ ವಿಮೆ ಇಲ್ಲದೆ ಹೊರಡಬೇಡಿ.

ಅಲ್ಲಿಯ ಹಣ ಟಾಂಜಾನಿಯಾ ಶಿಲಿಂಗ್. ಒಂದು ರೂಪಾಯಿಗೆ ಸುಮಾರು 30 ಶಿಲಿಂಗ್ ಎಂದು ನೆನಪಿಟ್ಟರೆ ಅಂಗಡಿಯಲ್ಲಿ ಮೋಸ ಹೋಗುವುದಿಲ್ಲ. ಡಾಲರ್ ಒಯ್ದರೆ ಶಿಲಿಂಗ್‌ಗೆ ಬದಲಿಸಿಕೊಳ್ಳಿ. ನೋಟು ಹೊಸದಾಗಿರಲಿ. ಪ್ಯಾಕೇಜ್ ಕೊಳ್ಳುವಾಗ ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆಯ ರಿಟರ್ನ್‌ನಲ್ಲಿ ತೋರಿಸಿ ಹೊಂದಿಸಿಕೊಳ್ಳಬಹುದು, ರಸೀದಿ ಕಳೆಯಬೇಡಿ.

ಕಾಗದಪತ್ರ

ಪಾಸ್‌ಪೋರ್ಟ್ ಅರ್ಜಿ ಆನ್‌ಲೈನ್. ಸಾಂಗ್ಲಿ ಜಿಲ್ಲೆ ಪುಣೆಯ ಪ್ರಾದೇಶಿಕ ಕಚೇರಿಗೆ ಸೇರುತ್ತದೆ. ಸಾಮಾನ್ಯ 36 ಪುಟದ ಪುಸ್ತಕಕ್ಕೆ 1,500 ರೂಪಾಯಿ. ಗಡಿಭಾಗದ ನಮಗೆ ಇಲ್ಲೊಂದು ವಿಶೇಷ ತೊಡಕಿದೆ. ಶಾಲೆಯ ದಾಖಲೆ ಕನ್ನಡದಲ್ಲಿ, ಆಧಾರ್ ಮರಾಠಿಯಲ್ಲಿ. ಇಂಗ್ಲಿಷಿಗೆ ಬರೆಯುವಾಗ ಒಂದೇ ಹೆಸರು ಎರಡು ರೂಪ ತಾಳುತ್ತದೆ. ಅಡ್ಡಹೆಸರು, ತಂದೆಯ ಹೆಸರು ಎಲ್ಲ ದಾಖಲೆಗಳಲ್ಲೂ ಒಂದೇ ಅಕ್ಷರಗಳಲ್ಲಿ ಇವೆಯೇ ಎಂದು ಮೊದಲು ನೋಡಿ, ಸರಿಪಡಿಸಿ. ಆಮೇಲೆ ಅರ್ಜಿ ಹಾಕಿ. ಜಿಲ್ಲೆ, ತಾಲೂಕು ಸರಿಯಾಗಿ ಬರೆಯಿರಿ. ಇಲ್ಲದಿದ್ದರೆ ನಮ್ಮ ಶೇಗಾಂವವನ್ನು ಗಜಾನನ ಮಹಾರಾಜರ ಶೇಗಾಂವ ಎಂದುಕೊಳ್ಳಬಹುದು, ಅದು ಬುಲಢಾಣಾ ಜಿಲ್ಲೆಯದು.

ಭಾರತೀಯರಿಗೆ ಟಾಂಜಾನಿಯಾದ ವೀಸಾ ಬೇಕು. ಆನ್‌ಲೈನ್ ಇ-ವೀಸಾ ಇದೆ, ಸಾಮಾನ್ಯ ಶುಲ್ಕ 50 ಡಾಲರ್. 2024ರ ಅಕ್ಟೋಬರಿನಿಂದ ಜಂಜಿಬಾರ ಸರಕಾರ ಹೊರಗಿನ ಪ್ರವಾಸಿಗರಿಗೆ ತನ್ನದೇ ವಿಮೆಯನ್ನು ಕಡ್ಡಾಯ ಮಾಡಿದೆ, ದೊಡ್ಡವರಿಗೆ 44 ಡಾಲರ್. ಹಡಗಿನಲ್ಲಿ ಬರುವವರಿಗೆ ವೀಸಾ, ವಿಮೆ ಹೇಗೆ ಎಂದು ಟಿಕೆಟ್ ಕೊಳ್ಳುವಾಗಲೇ ಕಂಪನಿಯಿಂದ ಬರವಣಿಗೆಯಲ್ಲಿ ಪಡೆಯಿರಿ.

ಹಡಗು ಕೀನ್ಯಾದ ಮೊಂಬಾಸಾಕ್ಕೂ ಹೋಗುತ್ತಿದ್ದರೆ ಹಳದಿ ಜ್ವರದ ಲಸಿಕೆ ಬೇಕು. ಅದನ್ನು ಕನಿಷ್ಠ 10 ದಿನ ಮೊದಲು ಸರಕಾರ ಗೊತ್ತುಮಾಡಿದ ಕೇಂದ್ರದಲ್ಲೇ ಹಾಕಿಸಬೇಕು. ಮುಂಬಯಿ, ಬೆಂಗಳೂರುಗಳಲ್ಲಿ ಅಂಥ ಕೇಂದ್ರಗಳಿವೆ. ಪ್ರಮಾಣಪತ್ರ ಇಲ್ಲದೆ ಮರಳಿದರೆ ಭಾರತದಲ್ಲಿ 6 ದಿನದವರೆಗೆ ಪ್ರತ್ಯೇಕ ಇರಿಸಬಹುದು. 60 ದಾಟಿದವರಿಗೆ ಈ ಲಸಿಕೆ ಹಾಕುವ ಮುಂಚೆ ವೈದ್ಯರ ಸಲಹೆ ಅಗತ್ಯ. ಮಲೇರಿಯಾ ಅಲ್ಲಿ ಕಡಿಮೆಯಾದರೂ ಇದೆ. ಸೊಳ್ಳೆ ಮುಲಾಮು ಒಯ್ಯಿರಿ.

ಎಲ್ಲಿಂದ, ಯಾವಾಗ?

ಜಂಜಿಬಾರ ಮುಟ್ಟುವ ಹಡಗುಗಳು ಹೆಚ್ಚಾಗಿ ಮಾರಿಷಸ್‌ನ ಪೋರ್ಟ್ ಲೂಯಿ ಅಥವಾ ದಕ್ಷಿಣ ಆಫ್ರಿಕಾದ ಬಂದರುಗಳಿಂದ ಹೊರಡುತ್ತವೆ. ನಮ್ಮವರು ಮಿರಜದಿಂದ ರೈಲಿನಲ್ಲಿ ಮುಂಬಯಿಗೆ ಹೋಗಿ, ಅಲ್ಲಿಂದ ವಿಮಾನದಲ್ಲಿ ಆ ಬಂದರು ಸೇರಬೇಕು. ಹಡಗು ಹೊರಡುವ ಹಿಂದಿನ ದಿನವೇ ತಲುಪಿರಿ.

ಮಾರ್ಚ್‌ನಿಂದ ಮೇವರೆಗೆ ಅಲ್ಲಿ "ಮಸಿಕಾ" ಎಂಬ ದೊಡ್ಡ ಮಳೆ. ನವೆಂಬರ್, ಡಿಸೆಂಬರಿನಲ್ಲಿ "ವುಲಿ" ಎಂಬ ಸಣ್ಣ ಮಳೆ. ಜೂನ್‌ನಿಂದ ಸೆಪ್ಟೆಂಬರ್ ಸ್ವಲ್ಪ ತಂಪು. ಹಡಗುಗಳು ಹೆಚ್ಚು ಬರುವುದು ಡಿಸೆಂಬರ್‌ನಿಂದ ಮಾರ್ಚ್. ಸೆಕೆ ಹೆಚ್ಚಿರುವುದೂ ಆಗಲೇ.

ಕೊನೆಗೆ ಒಂದು ಸಲಹೆ. ಹಣ ಕಟ್ಟುವ ಮುಂಚೆ ಮೇ ತಿಂಗಳಲ್ಲಿ ಎರಡು ದಿನ ರತ್ನಾಗಿರಿಗೋ ಗೋವಾಕ್ಕೋ ಮಂಗಳೂರಿಗೋ ಹೋಗಿ ಬನ್ನಿ. ಕರಾವಳಿಯ ಮೇ ತಿಂಗಳ ಸೆಕೆ ಜಂಜಿಬಾರದ ಸೆಕೆಗೆ ಹತ್ತಿರದ್ದು. ಬೆಳಗ್ಗೆ ಎರಡು ತಾಸು ಪೇಟೆ ಸುತ್ತಿ. ಒಗೆದ ಪಂಜೆ ಎಷ್ಟು ಹೊತ್ತಿಗೆ ಒಣಗುತ್ತದೆ ನೋಡಿ. ನಿಮ್ಮ ಬೆವರು ಆರುತ್ತದೆಯೋ ಹರಿಯುತ್ತದೆಯೋ ನೋಡಿ. ಮನೆಯ ಹಿರಿಯರು ಆ ಎರಡು ದಿನ ಉಲ್ಲಾಸದಿಂದ ಇದ್ದರೆ ಧೈರ್ಯವಾಗಿ ಟಿಕೆಟ್ ತೆಗೆಸಿ. ಬಳಲಿದರೆ ಜೂನ್ ನಂತರದ ತಂಪು ತಿಂಗಳಲ್ಲಿ ಹೊರಡುವ ಹಡಗು ಹುಡುಕಿ, ಅಥವಾ ಆ ನಿಲುಗಡೆಯ ದಿನ ಅವರನ್ನು ಹಡಗಿನ ಮೇಲೇ ಉಳಿಸಿ. ಹಡಗಿನ ಮೇಲಿನ ಅಂಗಳದಲ್ಲಿ ಕುಳಿತರೂ ಇಡೀ ಸ್ಟೋನ್ ಟೌನ್ ಕಣ್ಣೆದುರಿಗೇ ಇರುತ್ತದೆ.